ಅತ್ತೆ ಕೋಣೆಯ ಸ್ಪೀಕರ್

ರೀ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಎದ್ದ ತಕ್ಷಣ ಇದನ್ನ ಓದಿ, ಹಲ್ಲು ಆಮೇಲೆ ಉಜ್ಜಿ.

ಹಳೇ ಸ್ಪೀಕರುಗಳನ್ನೆಲ್ಲ ಹೆಕ್ಕಿ ತಂದು, ಮೂರು ಕೋಣೆಗೂ ವೈಫೈಯಲ್ಲಿ ಹಾಡು ಬರೋ ಹಾಗೆ ಮಾಡಿದ್ರಿ, ಸಂತೋಷ. ಆದರೆ ನನ್ನ ಫೋನನ್ನೂ ಅದಕ್ಕೆ ಗಂಟುಹಾಕಿದ್ದೀನಿ ಅಂತ ಯಾಕೆ ಬಾಯಿ ಬಿಡಲಿಲ್ಲ?

ನಿನ್ನೆ ಸಂಜೆ ನಮ್ಮಕ್ಕ ಫೋನ್ ಮಾಡಿದ್ಲು. ನಾನು ಅಡುಗೆಮನೆಯಲ್ಲಿ "ಹಲೋ, ಹಲೋ" ಅಂತ ಗಂಟಲು ಹರ್ಕೊಳ್ತಿದ್ದೀನಿ, ಅವಳ ದನಿ ನಿಮ್ಮಮ್ಮನ ಕೋಣೆಯಲ್ಲಿ ಮೊಳಗ್ತಿದೆ: "ಆ ಮುದುಕಿ ಇನ್ನೂ ಉಪ್ಪಿನ ಡಬ್ಬ ಬಚ್ಚಿಡ್ತಾಳೇನೇ?"

ಫೋನ್ ಅಲ್ಲೇ ಬಿಟ್ಟು ಎದ್ದೆನೋ ಬಿದ್ದೆನೋ ಅಂತ ಓಡಿದೆ. ಅತ್ತೆ ಸ್ಪೀಕರ್ ಮುಂದೆ ಕೂತು ಅದಕ್ಕೇ ಉತ್ತರ ಕೊಡ್ತಿದ್ರು: "ಬಚ್ಚಿಡ್ತೀನಮ್ಮ. ನಿನ್ನ ತಂಗಿಗೆ ಬಿಪಿ ಇದೆ. ಊರಿಗೆಲ್ಲ ಬಿಪಿ ನೋಡ್ತಾಳೆ, ತನ್ನದು ಮಾತ್ರ ನೋಡ್ಕೊಳ್ಳಲ್ಲ."

"ತಪ್ಪಾಯ್ತು ಅತ್ತೆ" ಅಂದ್ರೆ, "ಸುಮ್ನಿರೇ, ಅವಳೇನೋ ಹೇಳ್ತಿದ್ದಾಳೆ" ಅಂತ ನನ್ನನ್ನೇ ಗದರಿದ್ರು.

ಫೋನ್ ಬಿಡಿಸಿ ಅಂತ ಬರೆಯೋಳಿದ್ದೆ. ಅತ್ತೆ ಒಪ್ಪುತ್ತಿಲ್ಲ. ಹಾಡಿಗಿಂತ ಇದೇ ಚೆನ್ನಾಗಿದೆಯಂತೆ, ಆದರೆ ಅವರಂದಿದ್ದು ಅಕ್ಕನಿಗೆ ಕೇಳಿಸಲಿಲ್ಲವಲ್ಲ ಅಂತ ಸಂಕಟ.

ಅದಕ್ಕೇ ಸಂಜೆ ಬರುವಾಗ ಒಂದು ಮೈಕ್ ತನ್ನಿ. ಅಗ್ಗದ್ದೇ ಸಾಕು, ಅತ್ತೆ ದನಿ ಹೇಗೂ ಜೋರು.