ಬಾಗುವ ಕನ್ನಡಿಯನ್ನು ಸ್ಟೋರ್ಸ್‌ನಲ್ಲಿ ಕೂಡಿಹಾಕಿದವರಿಗೆ

ನಮ್ಮ ಜವಳಿ ಸಂಶೋಧನಾ ಸಂಸ್ಥೆಯ ಸ್ಟೋರ್ಸ್ ಅಧಿಕಾರಿಗಳೇ, ಮಾನ್ಯರೇ,

ಕಳೆದ ಜೂನ್‌ನಲ್ಲಿ ವಿದೇಶದಿಂದ ಬಂದ ಕನ್ನಡಿಯೊಂದನ್ನು ನೀವು ನಮ್ಮ ಪ್ರಯೋಗಾಲಯಕ್ಕೆ ಕೊಡದೆ ತಡೆದಿಟ್ಟಿರಿ. ಆಯುಧಪೂಜೆಯ ದಿನ ಅದು ನಿಮ್ಮ ಕಪಾಟಿನಲ್ಲೇ ಹಾಳಾಯಿತು. ಈಗ, ಬರುವಾಗಲೇ ಹಾಳಾಗಿತ್ತೆಂದು ನನ್ನ ವಿದ್ಯಾರ್ಥಿನಿ ಧರಣಿಯ ಕೈಯಲ್ಲಿ ಬರೆಸಿಕೊಳ್ಳಲು ನೋಡುತ್ತಿದ್ದೀರಿ. ದೂರು ಇಷ್ಟೇ. ಮುಂದಿನದೆಲ್ಲ ನನ್ನ ಹೊಟ್ಟೆಯುರಿ.

ಕೊಯಮತ್ತೂರಿನ ಅಧಿಕಾರಿಗೆ ಕನ್ನಡ ಪತ್ರಿಕೆಯಲ್ಲಿ ಏಕೆ ಬರೆಯುತ್ತಾನೆ ಈ ದಾವಣಗೆರೆಯವನು ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ತಮಿಳಿನಲ್ಲಿ ಬರೆಸಿದೆ, ಅದೂ ನಿಮ್ಮ ಫೈಲಿನಲ್ಲಿ ಸುಖನಿದ್ರೆಯಲ್ಲಿದೆ. ನಿಮ್ಮ ಮನೆಮಾತು ಕನ್ನಡವೆಂದು ನೀವು ಫೋನಿನಲ್ಲಿ ಧರಣಿಯನ್ನು ಬೈದಾಗ ಗೊತ್ತಾಯಿತು. ಲಿಪಿ ಬಾರದಿದ್ದರೆ ಯಾರಿಂದಲಾದರೂ ಜೋರಾಗಿ ಓದಿಸಿಕೊಳ್ಳಿ. ಪಕ್ಕದ ಮೇಜಿನವರಿಗೂ ಕೇಳಲಿ.

ಧರಣಿ ಅವಿನಾಶಿ ಕಡೆಯ ಕನ್ನಡ ಮನೆಮಾತಿನ ಹುಡುಗಿ, ನನ್ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹತ್ತಿಯ ಎಳೆಯೊಳಗೆ ಬಣ್ಣ ಎಷ್ಟು ಆಳಕ್ಕೆ ಇಳಿದು ಕೂರುತ್ತದೆ ಎಂಬುದನ್ನು ಅಳೆಯುವುದು ಅವಳ ಕೆಲಸ. ಕೂರದ ಬಣ್ಣವೆಲ್ಲ ಎಲ್ಲಿಗೆ ಹೋಗುತ್ತದೆಂದು ತಿರುಪ್ಪೂರಿನಲ್ಲಿ ನೊಯ್ಯಲ್ ಹೊಳೆಯ ಸೇತುವೆ ದಾಟಿದವರಿಗೆ ಹೇಳಬೇಕಾಗಿಲ್ಲ. ಅವಳಿಗೆ ಬೇಕಾದ ಅಳತೆ ನ್ಯಾನೋಮೀಟರುಗಳದು, ಅಂದರೆ ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಸಿಗುವಂಥದ್ದು. ಆದರೆ ಎಳೆಯೊಳಗೆ ಹಾದು ಬರುವ ಬೆಳಕು ಅಡ್ಡಾದಿಡ್ಡಿ ತಿರುಗಿ, ಕಲಕಿದ ನೀರಿನ ತಳದ ಕಾಸಿನ ಹಾಗೆ ಎಲ್ಲವೂ ಮಸುಕಾಗುತ್ತದೆ. ಅದನ್ನು ಸರಿಪಡಿಸಲೆಂದೇ ಈ ಕನ್ನಡಿ. ರೂಪಾಯಿ ನಾಣ್ಯದಷ್ಟಗಲದ, ಬೆಳ್ಳಿ ಲೇಪಿಸಿದ ತೆಳು ಪೊರೆ. ಕಂಪ್ಯೂಟರ್ ಹೇಳಿದಂತೆ ಅದು ಅಲ್ಲಲ್ಲಿ ಉಬ್ಬಿ ತಗ್ಗುತ್ತದೆ. ಬೆಳಕು ಎತ್ತ ಸೊಟ್ಟಗಾಗಿದೆಯೋ ಕನ್ನಡಿ ಅದಕ್ಕೆ ಉಲ್ಟಾ ಸೊಟ್ಟಗಾಗಿ ಎರಡೂ ಸೇರಿ ನೇರವಾಗುತ್ತವೆ. ಬಾಗುವುದೇ ಅದರ ಕಸುಬು, ಸ್ವಾಮಿ!

ನೀವು ಮಾಡಿದ್ದೇನು? ಪೆಟ್ಟಿಗೆ ಬಿಚ್ಚಿಸಿ, ಧೂಳು ತಡೆಯುವ ಮುಚ್ಚಳ ತೆಗೆಸಿ, ಮುಖ ನೋಡಿಕೊಂಡು, "ಕನ್ನಡಿ ಸಮತಟ್ಟಾಗಿಲ್ಲ, ಸ್ವೀಕರಿಸಲಾಗದು" ಎಂದು ಬರೆದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಧರಣಿ ಅಲ್ಲೇ ನಿಂತು ಅದರ ಗುಣವೇ ಅದೆಂದು ಹೇಳಿದಳು. "ಬಾಗಿರೋ ಕಣ್ಣಾಡಿಗೆ ಯಾರಮ್ಮ ಕಾಸ್ ಕೊಡ್ತಾರೆ?" ಎಂದು ನಕ್ಕಿರಿ. ಮುಚ್ಚಳವನ್ನಾದರೂ ಮತ್ತೆ ಹಾಕಿಸಬಹುದಿತ್ತು. ಅದು ಹಾಗೇ ತೆರೆದ ಕಪಾಟಿನಲ್ಲಿ, ಬಲ್ಬುಗಳ ಮತ್ತು ಫ್ಯಾನಿನ ರೆಕ್ಕೆಗಳ ನಡುವೆ, ಮಳೆಗಾಲವನ್ನೆಲ್ಲ ಕಳೆಯಿತು.

ಆಮೇಲೆ ಆಯುಧಪೂಜೆ ಬಂತು. ಈ ಊರಿನಲ್ಲಿ ಅಂದು ಮಗ್ಗದಿಂದ ಮೊದಲುಗೊಂಡು ಸ್ಕ್ರೂಡ್ರೈವರಿನವರೆಗೆ ಗಂಧ ಕುಂಕುಮ ಕಾಣದ ವಸ್ತುವಿಲ್ಲ, ಆ ಸಂಭ್ರಮ ನನಗೂ ಇಷ್ಟ. ನಿಮ್ಮ ಅಟೆಂಡರ್ ಕರುಪ್ಪುಸಾಮಿ ಕಪಾಟಿನ ಒಂದೊಂದು ಸಾಮಾನಿಗೂ ಬೊಟ್ಟಿಡುತ್ತ ಬಂದರು. ಕನ್ನಡಿಗೂ ಇಟ್ಟರು, ಹೆಬ್ಬೆರಳಿನಿಂದ, ಭಕ್ತಿಯಿಂದ, ತುಸು ಒತ್ತಿ. ಪೊರೆ ಹರಿಯಿತು.

ನಾನು ಹೋಗಿ ಕೇಳಿದಾಗ ಅವರ ಮುಖ ಬಿಳುಚಿತ್ತು. "ಎಲ್ಲಾತ್ತುಕ್ಕುಂ ಪೊಟ್ಟು ವೆಚ್ಚೇನುಂಗ ಸಾರ್, ಇದೆ ಮಟ್ಟುಂ ಎಪ್ಪಡಿ ವಿಡ್ರದುಂಗ?" ಎಂದರು. ಎಲ್ಲದಕ್ಕೂ ಇಟ್ಟು ಇದೊಂದನ್ನೇ ಹೇಗೆ ಬಿಡುವುದು? ಮುಟ್ಟಬಾರದೆಂದು ಹೇಳಬೇಕಾದವರು ನೀವು. ನೀವೋ ಅವರಿಗೇ ಮೆಮೋ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಧರಣಿಯ ನೋಂದಣಿಯ ಅವಧಿ ಈ ಮಾರ್ಚ್‌ಗೆ ಮುಗಿಯುತ್ತದೆ. ವಿಳಂಬ ತನ್ನದೆಂದು ಸಂಸ್ಥೆ ಬರೆದುಕೊಟ್ಟರೆ ವಿಶ್ವವಿದ್ಯಾಲಯ ಇನ್ನೊಂದು ವರ್ಷ ಕೊಡುತ್ತದೆ. ನೀವು ಅವಳನ್ನು ಕರೆಸಿ, ಕನ್ನಡಿ ಒಡೆದೇ ಬಂದಿತ್ತೆಂದು ಸಹಿ ಮಾಡಿದರೆ ಆ ಪತ್ರ ಕೊಡಿಸುತ್ತೇನೆ ಎಂದಿರಿ. ಕಳಿಸಿದ ಕಂಪನಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಉಪಾಯ! ಅವಳು ನನ್ನ ಕೋಣೆಗೆ ಬಂದು ನಿಂತಳು. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಹಿ ಹಾಕಿಬಿಡು ಎಂದೆ. ಅವಳು ಆಗದೆಂದು ತಲೆಯಾಡಿಸಿದಳು.

"ಪೆಟ್ಟಿ ಬಿಚ್ಚುವಾಗ ನಾನೇ ನೋಡ್ದೆ ಸಾರ್, ಚೆನ್ನಾಗೇ ಇತ್ತು. ಪೊಯ್, ಸುಳ್ಳು, ಎಂಗೆ ಬರೆಯೋದು? ನಾಳೆ ನನ್ನ ಅಳತೆನ ಯಾರ್ ನಂಬ್ತಾರೆ?"

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪಾಠದ ನಡುವೆ ಮಾತು ಮರೆಯುತ್ತೇನೆ, ನಿಮ್ಮ ಕಚೇರಿಯ ಮುಂದೆ ಸುಮ್ಮನೆ ಎರಡು ಸಲ ಓಡಾಡಿ ಬರುತ್ತೇನೆ. ನಿಮ್ಮ ಮೇಲೆ ಸಿಟ್ಟು, ನನ್ನ ಮೇಲೆ ಹೇಸಿಗೆ.

ಬೇಡಿಕೆ ಇದು. ಕನ್ನಡಿ ನಿಮ್ಮ ಸುಪರ್ದಿನಲ್ಲಿ ಹಾಳಾಯಿತೆಂದು ಈ ಶುಕ್ರವಾರದೊಳಗೆ ಬರೆದು ಸಹಿ ಮಾಡಿ, ಕರುಪ್ಪುಸಾಮಿಯವರ ಮೆಮೋ ವಾಪಸು ತೆಗೆದುಕೊಳ್ಳಿ. ಇಲ್ಲವಾದರೆ ಸೋಮವಾರದಿಂದ ಧರಣಿ ಓದು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆಯ ಬಣ್ಣ ನೋಡುವ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿ ಯಂತ್ರ ಗಿಂತ್ರ ಏನೂ ಬೇಡವಂತೆ, ಕಣ್ಣಂದಾಜು ಸಾಕಂತೆ.

ಇಂತಿ,
ಸಹಿ ಹಾಕೆಂದು ಹೇಳಿ ವಿದ್ಯಾರ್ಥಿನಿಯಿಂದ ಪಾಠ ಹೇಳಿಸಿಕೊಂಡ ಮೇಷ್ಟರು,
ವಿಶ್ವಾಸ್
ಕೊಯಮತ್ತೂರು, ಜನವರಿ ೨೦೦೭