ಹಿನಕಲ್‌ನಲ್ಲೂ ಎಂಟು ಗಂಟೆಯಾಗುತ್ತದೆ

ನಮೋ ಬುದ್ಧಾಯ

ಕೆಸರೆ, ಮೈಸೂರು
೭ ಸೆಪ್ಟೆಂಬರ್ ೨೦೨೫, ಭಾನುವಾರ

ಮಗಳು ಕೀರ್ತಿಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ದಸರಾ ಹತ್ತಿರ ಬಂತೆಂದರೆ ನಮ್ಮ ಪೊರಕೆಗಳಿಗೆ ಬಿಡುವಿಲ್ಲ, ನಿನಗೆ ಗೊತ್ತೇ ಇದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಾದರೆ ನಾನು ಎರಡು ಮಾತಾಡುವುದರೊಳಗೆ ನೀನು ಹತ್ತು ಬುದ್ಧಿ ಹೇಳಿರುತ್ತೀಯ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ಹತ್ತನೇ ಕ್ಲಾಸು ಪಾಸು ಮಾಡಿದ ನನ್ನ ಅಕ್ಷರಕ್ಕೂ ಒಂದು ಕೆಲಸ ಸಿಕ್ಕಿತು.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಮಂಗಳೂರಿನ ಆಸ್ಪತ್ರೆಯಿಂದ ಬರೆದು ಕಳಿಸಿದ ಊಟದ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಓಟ್ಸು, ಸೇಬು, ಬಾದಾಮಿ, ಬ್ರೌನ್ ಬ್ರೆಡ್ಡು. ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಯಾರ ಮನೆ ಪಟ್ಟಿನೋ ಅಡ್ರೆಸ್ ತಪ್ಪಿ ನಮ್ಮನೆಗೆ ಬಂದ್ಬುಟ್ಟದೆ ಕಣಮ್ಮಿ" ಎಂದರು. ಕೋಪ ಮಾಡಿಕೊಳ್ಳಬೇಡ. ಪಟ್ಟಿಯಲ್ಲಿ ಒಂದು ಸಾಲನ್ನು ಮಾತ್ರ ನಾನು ಬಿಡದೆ ಹಿಡಿದುಕೊಂಡೆ. ಬೆಳಿಗ್ಗೆ ಎಂಟು ಗಂಟೆಗೆ ತಿಂಡಿ ತಿನ್ನಲೇಬೇಕು ಎಂದು ಕೆಂಪು ಇಂಕಿನಲ್ಲಿ ಬರೆದಿದ್ದೀಯಲ್ಲ, ಅದು. ಈ ತಿಂಗಳೆಲ್ಲ ನಡೆದದ್ದು ಆ ಒಂದು ಸಾಲಿಂದಲೇ.

ಜುಲೈನಲ್ಲಿ ನಮ್ಮ ಪೌರಕಾರ್ಮಿಕರಿಗೆಲ್ಲ ಆರೋಗ್ಯ ತಪಾಸಣೆ ಮಾಡಿದರು ಎಂದಿದ್ದೆ. ಸಕ್ಕರೆ ಇನ್ನೂರ ಎಂಬತ್ತಾರು ಎಂದೂ ಹೇಳಿದ್ದೆ. ಹಿಮ್ಮಡಿಗೆ ಗಾಜು ಚುಚ್ಚಿದ ಗಾಯ ಎರಡು ತಿಂಗಳಾದರೂ ಮಾಗಿರಲಿಲ್ಲ ಎನ್ನುವುದನ್ನು ಹೇಳಿರಲಿಲ್ಲ. ಡಾಕ್ಟರು ಸರ್ವಮಂಗಳಾ ಎಂದು, ಹೆಚ್ಚು ಕಡಿಮೆ ನಿನ್ನ ವಯಸ್ಸಿನವರೇ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ ಎಂದು ಬರೆಯುತ್ತಿದ್ದರು. "ಮೇಡಂ, ದಿನಾ ಆರು ಕಿಲೋಮೀಟ್ರು ಬೀದಿ ಗುಡಿಸ್ತೀನಿ, ಇನ್ನೆಲ್ಲಿಗೆ ವಾಕಿಂಗ್ ಹೋಗ್ಲಿ?" ಎಂದೆ. ಅವರು ಪೆನ್ನು ಕೆಳಗಿಟ್ಟರು. ಏನು ತಿನ್ನುತ್ತೀರಿ ಎಂದು ಕೇಳಿದರು. ಆರು ಗಂಟೆಗೆ ಟೀ, ಎಂಟಕ್ಕೆ ಟೀ, ಹತ್ತಕ್ಕೆ ಟೀ ಮತ್ತು ಬನ್ನು, ಯಾರಾದರೂ ಕೊಟ್ಟರೆ ಸಿಹಿ, ಮೂರು ಗಂಟೆಗೆ ಮನೆಗೆ ಬಂದು ಒಂದು ಗುಡ್ಡೆ ಅನ್ನ.

"ನಡೀದೆ ಬಂದ ಕಾಯಿಲೆ ಅಲ್ಲ ಕಣಮ್ಮ ಇದು. ಮಾತ್ರೆ ಕೊಡ್ತೀನಿ, ಆದ್ರೆ ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಈ ಕಾಲು ಉಳಿಯಲ್ಲ" ಎಂದರು. ಕಾಲು ಹೋದರೆ ನನ್ನ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಾನು ನಿನ್ನ ಸಂಬಳ ಕಾಯುತ್ತ ಕೂರಬೇಕು. ಅದು ನನ್ನಿಂದಾಗದು.

ನಿನ್ನ ಪಟ್ಟಿ ಬಂದ ಮರುದಿನವೇ ನಾಲ್ಕಕ್ಕೆ ಎದ್ದು ರಾಗಿ ರೊಟ್ಟಿ ತಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಎರಡು ಬೇಯಿಸಿದ ಮೊಟ್ಟೆ ಡಬ್ಬಿಗೆ ಹಾಕಿಕೊಂಡೆ. ಅಷ್ಟೇನೂ ಕಷ್ಟವಲ್ಲ. ಕಷ್ಟವಿದ್ದದ್ದು ಎಲ್ಲಿ ಕೂತು ತಿನ್ನುವುದು ಎನ್ನುವುದರಲ್ಲಿ. ಇಷ್ಟು ವರ್ಷ ಟೀ ಕುಡಿಯುತ್ತಿದ್ದುದು ಕಸದ ಗಾಡಿಯ ಪಕ್ಕ ನಿಂತುಕೊಂಡು. ಆ ವಾಸನೆಯಲ್ಲಿ ಟೀ ಇಳಿಯುತ್ತದೆ, ರೊಟ್ಟಿ ಇಳಿಯುವುದಿಲ್ಲ. ದಟ್ಟಗಳ್ಳಿಯ ನಮ್ಮ ಕೆಲಸದ ಬೀದಿಗಳ ನಡುವೆ ಒಂದು ಪಾರ್ಕಿದೆ. ಗುಡಿಸುವವಳು ನಾನೇ. ಅಲ್ಲಿ ಹೊಂಗೆ ಮರದ ಕೆಳಗೊಂದು ಕಲ್ಲುಬೆಂಚಿದೆ. ಎಂಟಕ್ಕೆ ಸರಿಯಾಗಿ ಕೈ ತೊಳೆದು ಅದರ ಮೇಲೆ ಕೂತು ಡಬ್ಬಿ ತೆಗೆದೆ.

ಬಡಾವಣೆ ಸಂಘದ ಕಾರ್ಯದರ್ಶಿ ವಿಶ್ವನಾಥ್ ಎಂಬುವವರು ದಿನಾ ಆ ಪಾರ್ಕಿನಲ್ಲಿ ಎಂಟು ಸುತ್ತು ನಡೆಯುತ್ತಾರೆ. ಮೊದಲ ಸುತ್ತಿನಲ್ಲಿ ನೋಡಿದರು. ಎರಡನೆಯದರಲ್ಲಿ ಕೆಮ್ಮಿದರು. ಮೂರನೆಯದರಲ್ಲಿ ನಿಂತರು.

"ಇದು ಆರೋಗ್ಯ ನೋಡ್ಕೊಳ್ಳೋ ಜಾಗ ಕಣಮ್ಮ. ಮೊಟ್ಟೆ ಗಿಟ್ಟೆ ತಿನ್ನೋ ಜಾಗ ಅಲ್ಲ."

"ನಾನೂ ಆರೋಗ್ಯನೇ ನೋಡ್ಕೊತಾ ಇದೀನಿ ಸಾರ್. ಡಾಕ್ಟ್ರು ಬರ್ಕೊಟ್ಟವ್ರೆ, ಚೀಟಿ ತೋರ್ಸ್ಲಾ?" ಎಂದೆ. ಅವರು ಚೀಟಿ ನೋಡಲಿಲ್ಲ. ಸಿಪ್ಪೆಯ ಒಂದು ತುಣುಕೂ ಬಿಡದೆ ನಾನು ಡಬ್ಬಿಗೆ ಹಾಕಿಕೊಂಡದ್ದನ್ನೂ ನೋಡಲಿಲ್ಲ.

ಒಂದು ವಾರಕ್ಕೆ ನಮ್ಮ ಗುಂಪಿನ ಪ್ರೇಮಲೀಲಾ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಇನ್ನಿಬ್ಬರು. ಬಗ್ಗಿ ಗುಡಿಸುವ ಸೊಂಟಕ್ಕೆ ದಿನಾ ಐದು ನಿಮಿಷ ಹಿಂದಕ್ಕೆ ಬಾಗಬೇಕು, ಎರಡು ಕೈಯನ್ನೂ ಮೇಲೆತ್ತಿ ತಿರುಗಿಸಬೇಕು ಎಂದು ಅದೇ ಡಾಕ್ಟರು ತಪಾಸಣೆಯ ದಿನ ಹೇಳಿಕೊಟ್ಟಿದ್ದರು. ತಿಂಡಿಗೆ ಮೊದಲು ನಾಲ್ವರೂ ಕೆಲಸದ ಹಸಿರು ಕೋಟು ಹಾಕಿಕೊಂಡೇ ಕೈ ತಿರುಗಿಸತೊಡಗಿದೆವು. ಮೊದಲ ದಿನ ನಾಚಿಕೆಯಾಯಿತು. ಪ್ರೇಮಲೀಲಾ ನಕ್ಕೂ ನಕ್ಕೂ ಬಾಗಲೇ ಇಲ್ಲ. ಈಗ ಅವಳೇ ಎಣಿಸುತ್ತಾಳೆ.

ವಿಶ್ವನಾಥ್ ಕಡೆಯಿಂದ ದೂರು ಹೋಯಿತು. ಮೇಸ್ತ್ರಿ ವಿಜಯ್‌ಕುಮಾರ್ ಕೆಟ್ಟವನಲ್ಲ, ಅವನ ಮೇಲೂ ನಾಲ್ಕು ಜನ ಕೂತಿದ್ದಾರೆ. "ಪುಟ್ಟಮಾದಕ್ಕ, ಗಾಡಿ ಹತ್ರನೇ ತಿನ್ಕೊಂಡ್ಬುಡಿ, ನನ್ನ ತಲೆ ತಿನ್ಬೇಡಿ" ಎಂದ. ಆಗಲ್ಲ ಎಂದೆ. "ಹಂಗಾದ್ರೆ ಹಿನಕಲ್ ಕಡೆ ಹಾಕ್ಬುಡ್ತೀನಿ" ಎಂದ.

"ಹಾಕು ಕಣಪ್ಪ. ಹಿನಕಲ್‌ನಲ್ಲೂ ಎಂಟು ಗಂಟೆ ಆಯ್ತದೆ" ಎಂದೆ.

ಅವನಿಗೇ ನಗು ಬಂತು. ಆದರೆ ಹಾಕಿಯೇ ಬಿಟ್ಟ. ನಾಳೆಯಿಂದ ನನಗೆ ಕೆಲಸ ಹಿನಕಲ್‌ನಲ್ಲಿ. ನಿಮ್ಮಪ್ಪ, ಬೇಕಿತ್ತಾ ಇದು, ಹೋಗಿ ಮಾತಾಡಿ ಸರಿಮಾಡಿಕೊ ಎನ್ನುತ್ತಿದ್ದಾರೆ. ನಾನು ಹೋಗುವುದಿಲ್ಲ. ಗಾಯ ಮಾಗಿ ಈಗ ಚರ್ಮ ಕೂಡಿದೆ, ಸಕ್ಕರೆ ನೂರ ಎಪ್ಪತ್ತಕ್ಕೆ ಇಳಿದಿದೆ. ಆ ಬೆಂಚು ನನಗೆ ಕೊಟ್ಟದ್ದು ಇದು, ಇದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಅಲ್ಲಿ ನಾಳೆ ಎಂಟಕ್ಕೆ ಪ್ರೇಮಲೀಲಾ ಕೂರುತ್ತಾಳೆ. ಹಿನಕಲ್‌ನಲ್ಲಿ ಬೆಂಚು ಇದೆಯೋ ಇಲ್ಲವೋ ಗೊತ್ತಿಲ್ಲ, ಜಗಲಿ ಯಾವುದಾದರೂ ಇದ್ದೇ ಇರುತ್ತದೆ.

ಇನ್ನೊಂದು ವಿಷಯ. ಗಣೇಶನ ಹಬ್ಬದ ಮರುದಿನ ದಟ್ಟಗಳ್ಳಿಯಲ್ಲಿ ನಾನು ಗುಡಿಸುವ ಬೀದಿಯ ಗಿರಿಜಾಂಬಾ ಅಮ್ಮನವರು ಎಂದಿನಂತೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಹದಿನೇಳು ವರ್ಷದಿಂದ ಪ್ರತಿ ಹಬ್ಬದ ಮರುದಿನ ಅವರು ಕೊಡುತ್ತಾರೆ, ನಾನು ಇಸಿದುಕೊಳ್ಳುತ್ತೇನೆ. ಹಬ್ಬದ ದಿನ ಒಮ್ಮೆಯೂ ಕೊಟ್ಟವರಲ್ಲ. ಅವತ್ತು ಬೇಡ ಎಂದೆ.

"ಯಾಕಮ್ಮ, ಕಡುಬು ಇದೆ, ಹೋಳಿಗೆ ಇದೆ, ನಿನ್ನೇದೇ ಅಷ್ಟೆ."

"ಸಕ್ಕರೆ ಕಾಯಿಲೆ ಅಮ್ಮೋರೆ."

"ಹಾಗಾದ್ರೆ ಮನೆಯೋರಿಗೆ ತಗೊಂಡ್ಹೋಗು."

ಅಷ್ಟಕ್ಕೇ ಮಾತು ಮುಗಿಸಿ ಬಂದಿದ್ದರೆ ಯಾರಿಗೂ ನೋವಿರಲಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ. "ಮನೆಯೋರ್ಗೂ ಬೇಡ. ಸಕ್ಕರೆ ಇಲ್ದಿದ್ರೂ ಬೇಡ ಅಮ್ಮೋರೆ. ಮಿಕ್ಕಿದ್ದು ನಮಗ್ ಬೇಡ" ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಪಾಪ, ಅವರಿಗೆ ಅದು ತಪ್ಪೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೂ ಆ ಕವರನ್ನು ನಾನು ಮುಟ್ಟಲಿಲ್ಲ. ಖಾಲಿ ಕೈಯಲ್ಲಿ ಮನೆಗೆ ಬಂದೆ.

ಈಗ ನಿನ್ನ ಸರದಿ. ನೈಟ್ ಡ್ಯೂಟಿಯಲ್ಲಿ ನೂಡಲ್ಸ್ ತಿಂದು ಮಲಗುತ್ತೀಯ ಎಂದು ನಿನ್ನ ರೂಮಿನ ಹುಡುಗಿ ನನಗೆ ಹೇಳಿದ್ದಾಳೆ. ಬೇರೆಯವರಿಗೆ ಕೆಂಪು ಇಂಕಿನಲ್ಲಿ ಬರೆಯುವವಳು ತಾನೂ ಒಂದು ಸಲ ಓದಿಕೊಳ್ಳಬೇಕು. ರಾಗಿ ಹಿಟ್ಟು ಕಳಿಸುತ್ತಿದ್ದೇನೆ. ಯಾವ ಹೆಡ್‌ನರ್ಸು ಏನೆಂದರೂ ನಿನ್ನ ಊಟದ ಹೊತ್ತು ಬಿಟ್ಟುಕೊಡಬೇಡ. ಕೂತು ತಿನ್ನು. ಬುದ್ಧ ನಿನ್ನನ್ನು ಚೆನ್ನಾಗಿಟ್ಟಿರಲಿ, ಕಾಲು ಗಟ್ಟಿಯಾಗಿರಲಿ, ಬಾಯಿ ಅದಕ್ಕಿಂತ ಗಟ್ಟಿಯಾಗಿರಲಿ.

ನಿನ್ನ ಅವ್ವ
ಪುಟ್ಟಮಾದಮ್ಮ

ಮತ್ತೆ: ಕಾಗದ ಮಡಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಗಿರಿಜಾಂಬಾ ಅವರಿಗೆ ನಾನು ಹೇಳಿದ ಮಾತು ನನ್ನದಲ್ಲ. ಅವತ್ತು ಮನೆಗೆ ಬರುವಾಗ ಬಸ್ಸಿನಲ್ಲೇ ನೆನಪಾಗಿತ್ತು. ಆಗ ನಿನಗೆ ಎಂಟು ವರ್ಷ. ಅದೇ ಮನೆಯ ಕವರಿನಿಂದ ಹೋಳಿಗೆ ತೆಗೆದು ಕೊಟ್ಟಾಗ ನೀನು, "ಮಿಕ್ಕಿದ್ದು ನಂಗ್ ಬೇಡ ಅವ್ವ" ಎಂದೆ. ನಾನು ಕೆನ್ನೆಗೆ ಹೊಡೆದೆ. ಹೊಡೆದು, ಕೂರಿಸಿ, ಪೂರ್ತಿ ತಿನ್ನಿಸಿದೆ. ನೀನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಅಂದಿನಿಂದ ನೀನು ಸಿಹಿ ಮುಟ್ಟಿಲ್ಲ. ಕೀರ್ತಿಗೆ ಸಿಹಿ ಸೇರುವುದಿಲ್ಲ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ನೀನೂ ನನ್ನನ್ನು ಬಿಟ್ಟುಕೊಡದೆ ಹೌದು ಎನ್ನುತ್ತ ಬಂದೆ. ದಸರಾಕ್ಕೆ ರಜೆ ಸಿಕ್ಕರೆ ಬಾ. ಹೋಳಿಗೆ ಮಾಡುತ್ತೇನೆ, ಹೆಂಚಿನಿಂದ ನೇರ ನಿನ್ನ ತಟ್ಟೆಗೆ, ಮೊದಲನೆಯದು. ನೀನು ಬೇಡ ಎಂದರೆ ಬೇಡ. ತಟ್ಟೆ ಎತ್ತಿಡುತ್ತೇನೆ, ಕೈ ಎತ್ತುವುದಿಲ್ಲ.