ಡೆಲ್ಫ್ಟ್ ಚಿತ್ರದ ಮುಂದೆ ನಾನೊಬ್ಬಳೇ

ಲೇವಾರ್ಡನ್,
ಮೇ 16, 2019

ಪ್ರೀತಿಯ ಹಿಸ್ಕೆ,

ನಿನ್ನಪ್ಪ ಹೋಗಿ ಮೂರು ತಿಂಗಳಾದರೂ ನಾನು ಒಮ್ಮೆಯೂ ಅತ್ತಿಲ್ಲ, ನನಗೇನಾಗಿದೆ ಎಂದು ಕಳೆದ ವಾರ ನೀನು ಫೋನಿನಲ್ಲಿ ಕೇಳಿದೆ. ಒಲೆಯ ಮೇಲೆ ಬಟಾಣಿ ಸೂಪ್ ಇದೆಯೆಂದು ಹೇಳಿ ನಾನು ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಏಳುತ್ತೇನೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತೇನೆ, ತಿನ್ನುತ್ತೇನೆ. ಹಲ್ಲು ಕೀಳಲು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ, ಮೈಯೆಲ್ಲ ಹಾಗಿದೆ.

ನಿನ್ನೆ ಹೇಗ್‌ಗೆ ಹೋಗಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಅಪ್ಪನ ಮೆಚ್ಚಿನ ಚಿತ್ರ, ಡೆಲ್ಫ್ಟ್ ಊರಿನ ಆ ಹಳೆಯ ವರ್ಣಚಿತ್ರ, ನೋಡಿ ಬಂದೆ.

ನಲವತ್ತು ವರ್ಷ ದೋಣಿಗಳಿಗೆ ಬಣ್ಣ ಬಳಿದ ಮನುಷ್ಯ ಆ ಚಿತ್ರವಿದ್ದ ಕ್ಯಾಲೆಂಡರ್ ಹಾಳೆಯನ್ನು ಅಡುಗೆಮನೆಯಲ್ಲಿ ಅಂಟಿಸಿಕೊಂಡಿದ್ದರು. ನಿವೃತ್ತಿಯಾದ ಮೇಲೆ ನಿಜವಾದದ್ದನ್ನು ನೋಡಬೇಕು ಅನ್ನುತ್ತಿದ್ದರು. ನಿವೃತ್ತಿಯಾದ ವರ್ಷವೇ ಲಕ್ವ ಹೊಡೆಯಿತು. ಕಳೆದ ಶರತ್ಕಾಲದಲ್ಲಿ, ಕರೆದುಕೊಂಡು ಹೋಗುತ್ತೀಯಾ ಎಂದು ಮತ್ತೆ ಕೇಳಿದರು. ಈ ಗಾಲಿಕುರ್ಚಿ, ಆ ರೈಲು, ದಾರಿಯಲ್ಲಿ ಶೌಚಕ್ಕೇನು ಮಾಡುವುದು, ಆಗುವುದಿಲ್ಲ ಎಂದೆ. ಆಮೇಲೆ ಅವರು ಕೇಳಲಿಲ್ಲ.

ಮ್ಯೂಸಿಯಮ್ಮಿನ ಮೊದಲ ಕೋಣೆಗಳಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಹಣ್ಣು, ಹೂವು, ಬಿಳಿ ಕಾಲರಿನ ಗಂಡಸರು. ಅಂಗಡಿಬೀದಿಯಲ್ಲಿ ನಡೆದಂತೆ ನಡೆದೆ. ನಂತರ ಒಂದು ಬಾಗಿಲು ದಾಟಿದರೆ ಎದುರಿಗೇ ಅದು.

ಹಿಸ್ಕೆ, ನಮ್ಮ ಅಡುಗೆಮನೆಯಲ್ಲಿ ಅದು ಒಂದು ಕಂದು ಊರು, ಅಷ್ಟೇ. ಇಲ್ಲಿ ಮೋಡದ ನೆರಳು ಇನ್ನೂ ನೀರಿನ ಮೇಲಿದೆ, ಹಿಂದಿನ ಛಾವಣಿಗಳ ಮೇಲೆ ಆಗಲೇ ಬಿಸಿಲು ಬಿದ್ದಿದೆ. ಹತ್ತಿರ ಹೋದೆ. ಎಡಗಡೆಯ ಕೆಂಪು ಹೆಂಚು ನುಣುಪಾಗಿಲ್ಲ. ಬಣ್ಣದಲ್ಲಿ ಮರಳಿನಂಥ ಕಾಳುಗಳಿವೆ, ಅವುಗಳ ಮೇಲೆ ಕೋಣೆಯ ಬೆಳಕು ನಿಂತಿದೆ. ದೋಣಿಯ ಬದಿಯ ಮೇಲೆ ಬಿಳಿ ಚುಕ್ಕೆಗಳು. ಒದ್ದೆ ಮರ ಹಾಗೆಯೇ ಹೊಳೆಯುತ್ತದೆ. ಹಾಳೆಯಲ್ಲಿ ಅದೊಂದೂ ಇರಲಿಲ್ಲ.

ಕಾವಲಿಗಿದ್ದ ಹೆಂಗಸು ಮೆಲ್ಲಗೆ ಹೇಳಿದಳು: “ಸ್ವಲ್ಪ ಹಿಂದೆ ಬನ್ನಿ ಅಮ್ಮಾ, ಮೂಗು ತಾಗುತ್ತೆ.”

“ನಾನಾಗಿದ್ದಕ್ಕೆ ಸರಿಹೋಯ್ತು. ನಮ್ಮ ಯಜಮಾನ್ರು ಆಗಿದ್ರೆ ನೆಕ್ಕಿ ನೋಡ್ತಿದ್ರು.”

ಅವಳು ನಕ್ಕಳು. “ಬಂದಿಲ್ವಾ ಅವರು?”

ಇಲ್ಲ ಎಂದೆ. ಅವಳು ತನ್ನ ವಿಷಯ ಹೇಳಿದಳು. ಆರು ವರ್ಷದಿಂದ ಇದೇ ಕೋಣೆಯಲ್ಲಿದ್ದಾಳಂತೆ. ಒಂದೊಂದು ದಿನ ಊರು ಆಗತಾನೇ ಎದ್ದಂತೆ ಕಾಣುತ್ತದಂತೆ, ಒಂದೊಂದು ದಿನ ಯಾರಿಗೋ ಕಾಯುತ್ತಿರುವಂತೆ.

ಎರಡು ಗಂಟೆ ಅಲ್ಲಿದ್ದೆ. ನನಗೆ ಸಂತೋಷವಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಎದೆಯಲ್ಲಿ ಒಂದು ಕಡೆ, ಅಂಗೈಯಷ್ಟು ಜಾಗದಲ್ಲಿ, ಚುರುಕು ಬಂತು. ಅವರು ಕೇಳಿದ್ದು ಇಷ್ಟನ್ನೇ ಎಂದು ಆಗ ಗೊತ್ತಾಯಿತು. ವಾಪಸು ಬರುವ ರೈಲಿನಲ್ಲಿ ಅದೂ ಇರಲಿಲ್ಲ. ಚೀಸ್ ಬ್ರೆಡ್ ತಿಂದೆ, ರುಚಿ ತಿಳಿಯಲಿಲ್ಲ.

ಅಳು ಇನ್ನೂ ಬಂದಿಲ್ಲ. ನಿಮ್ಮ ಮಾಸ್ಟ್ರಿಕ್ಟ್‌ನಲ್ಲಿ ಚಳಿ ಬಿಟ್ಟಿತೇ? ಪುರುಸೊತ್ತಾದಾಗ ಬರೆ.

ನಿನ್ನ ಅಮ್ಮ,
ವೀತ್ಸ್ಕೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆಮೇಲೆ ಅವರು ಕೇಳಲಿಲ್ಲ ಎಂದು ಬರೆದದ್ದು ಸುಳ್ಳು. ಜನವರಿಯಲ್ಲಿ, “ಹಿಸ್ಕೆಗೊಂದು ಫೋನ್ ಮಾಡು, ಅವಳು ಕಾರಲ್ಲಿ ಕರ್ಕೊಂಡು ಹೋಗ್ತಾಳೆ” ಎಂದರು. ನಾನು ನಿನಗೆ ಫೋನ್ ಮಾಡಲೇ ಇಲ್ಲ. ನಿನಗೆ ರಜೆ ಇಲ್ಲವಂತೆ ಎಂದು ಮರುದಿನ ಅವರಿಗೆ ಹೇಳಿದೆ. ನನ್ನಿಂದಾಗದ್ದನ್ನು ನೀನು ಮಾಡಿಬಿಡುತ್ತೀಯ, ನೀವಿಬ್ಬರೇ ಆ ಸಂತೋಷ ನೋಡಿ ಬರುತ್ತೀರಿ ಎಂಬುದನ್ನು ನನಗೆ ಸಹಿಸಲಾಗಲಿಲ್ಲ. ಅವರು ನಿನ್ನ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. “ಪಾಪ, ಅವಳಿಗೆ ಕೆಲಸ ಜಾಸ್ತಿ” ಎಂದರು.